ಸಿ ಪ್ರಶ್ನೋತ್ತರ: ಎಡವಿದಾಗ ಮೆಮೊರಿ ಬಿಡುವುದು ಹೇಗೆ?

ಪ್ರಶ್ನೆ: ಒಂದು ಫೈಲ್ ತೆರೆದು, ಎರಡು ಬಫರ್‌ಗೆ ಮೆಮೊರಿ ಪಡೆದು ಕೆಲಸ ಮಾಡುವ ಫಂಕ್ಷನ್ ಬರೆದಿದ್ದೇನೆ. ಅದರಲ್ಲಿ ಐದು ಕಡೆ ರಿಟರ್ನ್ ಇದೆ, ಐದೂ ಕಡೆ ಮೆಮೊರಿ ಬಿಡುವ ಫ್ರೀ ಸಾಲುಗಳನ್ನು ನಕಲು ಮಾಡಿದ್ದೇನೆ. ಮೂರನೆಯ ಬಫರ್ ಸೇರಿಸಿದಾಗ ಒಂದು ಕಡೆ ಮರೆತು ಲೀಕ್ (ಪಡೆದ ಮೆಮೊರಿ ಬಿಡದೆ ಉಳಿಯುವುದು) ಆಯಿತು. ಗೋಟು (ಲೇಬಲ್ ಎಂಬ ಹೆಸರು ಹಚ್ಚಿದ ಸಾಲಿಗೆ ನೇರ ನೆಗೆಯುವ ಆಜ್ಞೆ) ಬಳಸಿ ಎನ್ನುವವರಿದ್ದಾರೆ, ಆದರೆ ಅದನ್ನು ಮುಟ್ಟಲೇಬಾರದು ಎಂದು ನಮಗೆ ಕಲಿಸಿದ್ದರು.

ಉತ್ತರ: ಧಾರಾಳವಾಗಿ ಬಳಸಿ. ಬೇಡವಾದದ್ದು ಮೇಲಕ್ಕೂ ಕೆಳಕ್ಕೂ ನೆಗೆಯುತ್ತಾ ಓದುವವರ ತಲೆ ಕೆಡಿಸುವ ಗೋಟು. ಕೆಳಮುಖವಾಗಿ, ಫಂಕ್ಷನ್ನಿನ ಕೊನೆಯಲ್ಲಿರುವ ಕ್ಲೀನಪ್ ಭಾಗಕ್ಕೆ ಮಾತ್ರ ಹೋಗುವ ಗೋಟು ಸಿ ಭಾಷೆಯಲ್ಲಿ ಒಪ್ಪಿತ ಪದ್ಧತಿ. ಲಿನಕ್ಸ್ ಕರ್ನೆಲ್‌ನ ಕೋಡಿಂಗ್ ಶೈಲಿಯಲ್ಲೂ ಇದಕ್ಕೆ ಜಾಗವಿದೆ.

ಎಲ್ಲ ಪಾಯಿಂಟರ್‌ಗಳನ್ನೂ ಫಂಕ್ಷನ್ನಿನ ತಲೆಯಲ್ಲೇ ಘೋಷಿಸಿ ನಲ್, ಅಂದರೆ ‘ಯಾವ ವಿಳಾಸವೂ ಇಲ್ಲ’ ಎಂಬ ಬೆಲೆ, ಕೊಡಿ. ಫಲಿತಾಂಶದ ವೇರಿಯಬಲ್ -1 ರಿಂದ ಶುರುವಾಗಲಿ. ಎಲ್ಲಿ ಸೋತರೂ ‘ಕ್ಲೀನಪ್’ ಎಂಬ ಒಂದೇ ಲೇಬಲ್‌ಗೆ ಹೋಗಿ. ಕೆಲಸ ಪೂರ್ತಿ ಮುಗಿದ ಮೇಲೆ, ಲೇಬಲ್‌ಗೆ ಸರಿಯಾಗಿ ಒಂದು ಸಾಲು ಮೇಲೆ, ಫಲಿತಾಂಶವನ್ನು 0 ಮಾಡಿ. ಗೆದ್ದ ದಾರಿಯೂ ಸೋತ ದಾರಿಯೂ ಅದೇ ಲೇಬಲ್ ಮೂಲಕವೇ ಹೊರಬೀಳಬೇಕು. ಅಲ್ಲಿ, ಪಡೆದದ್ದಕ್ಕೆ ತಿರುಗುಮುರುಗು ಕ್ರಮದಲ್ಲಿ ಬಿಡುತ್ತಾ ಬನ್ನಿ.

ನಲ್ ಪಾಯಿಂಟರನ್ನು ಫ್ರೀಗೆ ಕೊಟ್ಟರೆ ಏನೂ ಆಗುವುದಿಲ್ಲ ಎಂದು ಸ್ಟ್ಯಾಂಡರ್ಡೇ ಭರವಸೆ ಕೊಡುತ್ತದೆ, ಹಾಗಾಗಿ ಅದಕ್ಕೆ ಇಫ್ ಬೇಡ. ಫೈಲ್ ಮುಚ್ಚುವ ಎಫ್‌ಕ್ಲೋಸ್‌ಗೆ ಈ ರಿಯಾಯಿತಿ ಇಲ್ಲ, ಅಲ್ಲಿ ಇಫ್ ಬೇಕೇ ಬೇಕು. ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಸ್ಟಂ ಕೊಡುವ ಸಂಖ್ಯೆ) ಇದ್ದರೆ ಅದರ ಆರಂಭದ ಬೆಲೆ -1 ಇರಲಿ. 0 ಇಟ್ಟಿರೋ, ಎಡವಿದ ದಿನ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನೇ ಮುಚ್ಚಿಬಿಡುತ್ತೀರಿ.

ಬಫರನ್ನು ಕರೆದವರಿಗೆ ಒಪ್ಪಿಸುವ ಫಂಕ್ಷನ್ ಆದರೆ, ಹೊರಗಿನ ಪಾಯಿಂಟರ್‌ಗೆ ವಿಳಾಸ ಕೊಟ್ಟ ಕೂಡಲೇ ಒಳಗಿನದನ್ನು ನಲ್ ಮಾಡಿ. ಕೆಳಗಿನ ಫ್ರೀ ಆಗ ಖಾಲಿ ಕೈಯಲ್ಲಿ ಹೋಗುತ್ತದೆ. ಗೆದ್ದರೆ ಬಿಡಬಾರದು, ಸೋತರೆ ಬಿಡಬೇಕು ಎಂಬ ಗೊಂದಲಕ್ಕೆ ಇಷ್ಟೇ ಮದ್ದು.

ಒಂದು ಗುಂಡಿ ಇದೆ. ಗೋಟುವಿಗಿಂತ ಕೆಳಗಿನ ಸಾಲಿನಲ್ಲಿ ಹೊಸ ಪಾಯಿಂಟರ್ ಘೋಷಿಸಿ ನಲ್ ಕೊಟ್ಟರೆ, ನೆಗೆತ ಆ ನಲ್ ಕೊಡುವ ಕೆಲಸವನ್ನೇ ದಾಟಿ ಹೋಗುತ್ತದೆ. ಲೇಬಲ್ ಬಳಿ ವೇರಿಯಬಲ್ ಇರುತ್ತದೆ, ಒಳಗೆ ಕಸ ಇರುತ್ತದೆ, ಫ್ರೀ ಆ ಕಸವನ್ನೇ ನಂಬುತ್ತದೆ. ಸಿ++ ಇದನ್ನು ತಪ್ಪೆಂದು ನಿಲ್ಲಿಸುತ್ತದೆ, ಸಿ ನಿಲ್ಲಿಸುವುದಿಲ್ಲ. ಜಿಸಿಸಿ ಕಂಪೈಲರಿನಲ್ಲಿ ‘-ಡಬ್ಲ್ಯು‌ಜಂಪ್-ಮಿಸಸ್-ಇನಿಟ್’ ಹಾಕಿದರೆ ಎಚ್ಚರಿಸುತ್ತದೆ. ‘-ಡಬ್ಲ್ಯು‌ಆಲ್’ ಒಳಗೆ ಇದು ಸೇರಿಲ್ಲ, ಬೇರೆಯಾಗಿಯೇ ಹಾಕಬೇಕು.

2014 ರಲ್ಲಿ ಆಪಲ್‌ನ ಎಸ್‌ಎಸ್‌ಎಲ್ ಕೋಡ್‌ನಲ್ಲಿ ಸಿಕ್ಕ ಪ್ರಸಿದ್ಧ ದೋಷಕ್ಕೆ ಗೋಟುವನ್ನು ಬೈಯುವವರಿದ್ದಾರೆ. ಅಲ್ಲಿ ಗೋಟು ಸಾಲು ಎರಡು ಸಲ ಬಿದ್ದಿತ್ತು, ಇಫ್‌ಗೆ ಆವರಣ ಇರಲಿಲ್ಲ, ಎರಡನೆಯದು ಪ್ರತಿ ಸಲವೂ ಓಡುತ್ತಿತ್ತು. ಅಷ್ಟಾಗಿಯೂ ಹಾನಿಯಾದದ್ದು ಆ ಕ್ಷಣದಲ್ಲಿ ಎರರ್ ವೇರಿಯಬಲ್‌ನಲ್ಲಿ 0, ಅಂದರೆ ‘ಗೆದ್ದೆ’ ಎಂದು ಇದ್ದುದರಿಂದ. ಸಹಿ ಪರಿಶೀಲನೆ ಮುಗಿಯದೆಯೇ ಒಪ್ಪಿಗೆ ಸಿಕ್ಕಿತು. -1 ರಿಂದ ಶುರುಮಾಡಿ, ನಡುವಿನ ಕರೆಗಳ ಫಲಿತಾಂಶಕ್ಕೆ ಆ ವೇರಿಯಬಲ್ಲನ್ನು ಬಳಸಬೇಡಿ ಎನ್ನುವುದು ಇದಕ್ಕೇ.

ಪ್ರಶ್ನೆ: ಪಾಯಿಂಟರ್ ‘ಪಿ’ಯನ್ನು ಬ್ಲಾಕಿನ ಅಳತೆ ಬದಲಿಸುವ ರಿಅಲಾಕ್‌ಗೆ ಕೊಟ್ಟು, ಬಂದದ್ದನ್ನು ಮತ್ತೆ ‘ಪಿ’ಗೇ ಹಾಕುತ್ತೇನೆ. ಪರಿಶೀಲನಾ ಉಪಕರಣ ಲೀಕ್ ಎನ್ನುತ್ತಿದೆ. ಏಕೆ?

ಉತ್ತರ: ರಿಅಲಾಕ್ ಸೋತರೆ ನಲ್ ಬರುತ್ತದೆ, ಹಳೆಯ ಬ್ಲಾಕ್ ಮಾತ್ರ ಹಾಗೇ ಉಳಿದಿರುತ್ತದೆ. ನಲ್ ಬಂದು ‘ಪಿ’ಯಲ್ಲಿ ಕೂತರೆ ಹಳೆಯದರ ವಿಳಾಸ ಕೈತಪ್ಪಿತು. ತಾತ್ಕಾಲಿಕ ಪಾಯಿಂಟರ್‌ಗೆ ಪಡೆದು, ನಲ್ ಅಲ್ಲವೆಂದು ನೋಡಿ, ಆಮೇಲೆ ‘ಪಿ’ಗೆ ಹಾಕಿ. ಅಳತೆಯ ಗುಣಾಕಾರವನ್ನೂ ಗಮನಿಸಿ: 32 ಬಿಟ್ ಯಂತ್ರದಲ್ಲಿ 4 ಬೈಟ್‌ನ 1073741825 ಅಂಶ ಕೇಳಿದರೆ ಗುಣಲಬ್ಧ ಸುತ್ತಿ ಬಂದು 4 ಆಗುತ್ತದೆ, ನಿಮಗೆ ಸಿಗುವುದು ನಾಲ್ಕೇ ಬೈಟ್. ಅಂಶಗಳ ಸಂಖ್ಯೆ, ಒಂದರ ಅಳತೆ ಎರಡನ್ನೂ ಬೇರೆಯಾಗಿ ಪಡೆಯುವ ಕ್ಯಾಲಕ್ ಈ ಗುಣಾಕಾರವನ್ನು ತಾನೇ ಪರೀಕ್ಷಿಸುತ್ತದೆ, ರಿಅಲಾಕ್‌ಗೆ ಮುಂಚೆ ನೀವು ಪರೀಕ್ಷಿಸಬೇಕು. ಅಳತೆ 0 ಕೊಟ್ಟು ಫ್ರೀ ಮಾಡಿಸುವ ಹಳೆಯ ಚಾಳಿ ಬಿಡಿ, ಸಿ23 ಸ್ಟ್ಯಾಂಡರ್ಡ್ ಅದನ್ನು ಅನಿರ್ಧರಿತ ವರ್ತನೆ ಎಂದಿದೆ.

ಪ್ರಶ್ನೆ: ಫೈಲ್ ತೆರೆಯಲು ಆಗದಿದ್ದಾಗ ತಪ್ಪು ಸಂದೇಶ ಬರುತ್ತದೆ. ಕಾರಣ ಬೇರೆ, ಮುದ್ರಿಸುವುದೇ ಬೇರೆ.

ಉತ್ತರ: ಕ್ಲೀನಪ್ ಭಾಗದ ಕರೆಗಳು ಎರ್‌ನೋವನ್ನು (ಸೋಲಿನ ಕಾರಣದ ಸಂಖ್ಯೆ ಇರುವ ವೇರಿಯಬಲ್ಲನ್ನು) ತಿದ್ದಿಬಿಟ್ಟಿರುತ್ತವೆ. ಸೋತ ಕರೆಯ ಮರುಸಾಲಿನಲ್ಲೇ ಅದನ್ನು ಒಂದು ಇಂಟ್‌ನಲ್ಲಿ ಎತ್ತಿಟ್ಟುಕೊಳ್ಳಿ. ಬರೆಯಲು ತೆರೆದ ಫೈಲ್ ಆದರೆ ಎಫ್‌ಕ್ಲೋಸ್‌ನ ಉತ್ತರವನ್ನೂ ನೋಡಿ. ಬರೆದದ್ದು ಬಫರ್‌ನಲ್ಲೇ ಕೂತಿದ್ದು, ಡಿಸ್ಕ್ ತುಂಬಿದ ವಿಷಯ ಮುಚ್ಚುವಾಗಷ್ಟೇ ಗೊತ್ತಾಗಬಹುದು. ಮುಚ್ಚುವುದು ಸೋತಿತೆಂದು ಮತ್ತೊಮ್ಮೆ ಎಫ್‌ಕ್ಲೋಸ್ ಮಾಡಬೇಡಿ. ಸೋತರೂ ಆ ಸ್ಟ್ರೀಮ್ ಮುಗಿದ ಹಾಗೆಯೇ.

ಪ್ರಶ್ನೆ: ನನ್ನ ಯಂತ್ರದಲ್ಲಿ ಮೆಮೊರಿ ಕೊಡುವ ಮ್ಯಾಲಕ್ ಸೋತದ್ದೇ ಇಲ್ಲ. ಇಷ್ಟೆಲ್ಲ ಏಕೆ ಬರೆಯಬೇಕು? ಬರೆದದ್ದು ಸರಿ ಎಂದು ತಿಳಿಯುವುದಾದರೂ ಹೇಗೆ?

ಉತ್ತರ: ಲಿನಕ್ಸ್ ಇರುವುದಕ್ಕಿಂತ ಹೆಚ್ಚು ಮೆಮೊರಿಗೆ ಹೂಂ ಎನ್ನುವುದುಂಟು, ಬಳಸತೊಡಗಿದಾಗ ಸಾಲದೆ ಹೋದರೆ ಪ್ರೋಗ್ರಾಮನ್ನೇ ಕೊಲ್ಲುತ್ತದೆ. ಆದರೂ ಮೆಮೊರಿಗೆ ‘ಯುಲಿಮಿಟ್ -ವಿ’ ಮಿತಿ ಇದ್ದಲ್ಲಿ, ಅಳತೆ ಅತಿಯಾದಲ್ಲಿ, ಸಣ್ಣ ಎಂಬೆಡೆಡ್ ಬೋರ್ಡ್‌ಗಳಲ್ಲಿ ಮ್ಯಾಲಕ್ ನಿಜವಾಗಿಯೂ ಸೋಲುತ್ತದೆ.

ಪರೀಕ್ಷಿಸಲು ಬೇಕೆಂದೇ ಸೋಲಿಸಿ. ಗ್ನೂ ಲಿಂಕರ್‌ಗೆ ‘--ವ್ರ್ಯಾಪ್=ಮ್ಯಾಲಕ್’ ಕೊಟ್ಟರೆ ನಿಮ್ಮ ಮ್ಯಾಲಕ್ ಕರೆಗಳೆಲ್ಲ ನೀವು ಬರೆದ ಹೊದಿಕೆ ಫಂಕ್ಷನ್ನಿಗೆ ಬರುತ್ತವೆ. ಅದರೊಳಗೆ ಒಂದು ಎಣಿಕೆ ಇಡಿ. ಮೊದಲ ಓಟದಲ್ಲಿ 1 ನೆಯ ಕರೆಗೆ ನಲ್ ಕೊಡಿ, ಮುಂದಿನ ಓಟದಲ್ಲಿ 2 ನೆಯದಕ್ಕೆ. ಯಾವ ಕರೆಯೂ ಸೋಲದೆ ಪ್ರೋಗ್ರಾಮ್ ಮುಗಿಯುವವರೆಗೆ ಹೀಗೇ. ಪ್ರತಿ ಓಟವೂ ‘-ಎಫ್‌ಸ್ಯಾನಿಟೈಸ್=ಅಡ್ರೆಸ್ -ಜಿ’ ಹಾಕಿ ಕಂಪೈಲ್ ಮಾಡಿದ್ದರಲ್ಲಿ ನಡೆಯಲಿ; ಎರಡು ಸಲ ಫ್ರೀ ಆದದ್ದು, ಬಿಟ್ಟ ಮೇಲೆ ಮುಟ್ಟಿದ್ದು ಸಾಲಿನ ಸಂಖ್ಯೆಯೊಂದಿಗೆ ಸಿಕ್ಕಿಬೀಳುತ್ತದೆ. ಇದರ ಬದಲು ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ ಉಪಕರಣ ಆದರೂ ಸರಿ, ಎರಡನ್ನೂ ಒಟ್ಟಿಗೆ ಓಡಿಸಲಾಗದು. ವಾಲ್‌ಗ್ರಿಂಡ್ ವರದಿಯಲ್ಲಿ ‘ಡೆಫಿನಿಟ್ಲಿ ಲಾಸ್ಟ್’ (ವಿಳಾಸವೇ ಕೈತಪ್ಪಿದ್ದು) ಎಂದದ್ದನ್ನು ಮೊದಲು ಹಿಡಿಯಿರಿ, ‘ಸ್ಟಿಲ್ ರೀಚೆಬಲ್’ (ವಿಳಾಸ ಇನ್ನೂ ಕೈಯಲ್ಲಿರುವುದು) ಕಾಯಬಲ್ಲದು.

ಈ ಹೊದಿಕೆ ಸಿ ಲೈಬ್ರರಿಯ ಒಳಗಿನ ಕರೆಗಳನ್ನು ಹಿಡಿಯುವುದಿಲ್ಲ. ಸ್ಟ್ರಿಂಗ್ ನಕಲು ಮಾಡಿಕೊಡುವ ಸ್ಟ್ರ್‌ಡಪ್ ತನ್ನೊಳಗೆ ಮ್ಯಾಲಕ್ ಕರೆದರೂ ಅದು ನಿಮ್ಮ ಎಣಿಕೆಗೆ ಬರದು. ಸ್ಟ್ರ್‌ಡಪ್, ಕ್ಯಾಲಕ್, ರಿಅಲಾಕ್ ಮೂರಕ್ಕೂ ಬೇರೆ ಬೇರೆ ಹೊದಿಕೆ ಹಾಕಿ, ಎಣಿಕೆ ಮಾತ್ರ ಎಲ್ಲಕ್ಕೂ ಒಂದೇ ಇರಲಿ.