ಪೆನ್ಸಿಲ್ ಆಮೇಲೆ, ಮೊದಲು ಅವರೆಕಾಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಚಿಂತೆ. ಮಗು ಇನ್ನೂ ಬರೀತಿಲ್ಲ, ಇನ್ನೂ ಓದ್ತಿಲ್ಲ. ಅದರಲ್ಲಿ ಐದು ಪತ್ರ ಆರಿಸಿಕೊಂಡಿದ್ದೇನೆ. ನಾನು ದೊಡ್ಡ ತಜ್ಞೆ ಏನಲ್ಲ. ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತವಳು, ಈಗ ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಶನಿವಾರ ಕಥೆ ಹೇಳುವವಳು. ಅಷ್ಟೇ ನನ್ನ ಬಂಡವಾಳ.

ಪ್ರಶ್ನೆ: ಮೇಡಂ, ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಪಕ್ಕದ ಮನೆ ಮಗು ಅ ಇಂದ ಅಃ ವರೆಗೂ ಬರೆಯುತ್ತೆ. ಇವಳು ಪೆನ್ಸಿಲ್ ನೋಡಿದರೇ ಅಳುತ್ತಾಳೆ. ಸ್ಕೂಲಿನವರು ದಿನಾ ಎರಡು ಪುಟ ಬರೆಸಿ ಅಂತಾರೆ. ಹೊಡೆದು ಬರೆಸಲಾ, ಬಿಡಲಾ?
— ಒಬ್ಬ ತಾಯಿ, ಮಂಡ್ಯ

ಮೊದಲು ಆ ಪಕ್ಕದ ಮನೆ ಮಗುವನ್ನು ಮರೆತುಬಿಡಿ ತಾಯಿ. ಹೊಡೆಯೋ ಮಾತಂತೂ ಬೇಡವೇ ಬೇಡ.

ನಾಲ್ಕು ವರ್ಷಕ್ಕೆ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬೆರಳೂ ಬಲಿತಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ‘ಅ’ ಬರಿ ಅಂತೀವಿ. ಅದೇನು ಸುಲಭದ ಅಕ್ಷರವಾ? ನೀವೇ ಒಂದು ಸಲ ಎಡಗೈಯಲ್ಲಿ ಬರೆದು ನೋಡಿ. ಸುತ್ತಬೇಕು, ಹೊರಳಬೇಕು, ಮತ್ತೆ ಸುತ್ತಬೇಕು. ಅಳದೆ ಇನ್ನೇನು ಮಾಡುತ್ತೆ ಮಗು.

ಈಗ ಸೊಗಡಿನ ಅವರೆಕಾಯಿ ಕಾಲ. ನೆನೆಸಿಟ್ಟ ಕಾಳು ಹಿದುಕೋಕೆ ಕೂರುತ್ತೀರಲ್ಲ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳಬೇಕು. ಜಾಸ್ತಿ ಒತ್ತಿದರೆ ಗೋಡೆಗೆ ಹೋಗುತ್ತೆ, ಕಮ್ಮಿ ಒತ್ತಿದರೆ ಸಿಪ್ಪೆ ಬಿಡೋದೇ ಇಲ್ಲ. ಪೆನ್ಸಿಲಿಗೆ ಬೇಕಾದ ಹಿಡಿತ ಅದೇ. ಚಪಾತಿ ಹಿಟ್ಟಿನಲ್ಲಿ ಹಾವು ಮಾಡಲಿ, ಹಾವನ್ನು ಸುತ್ತಿ ಚಕ್ಕುಲಿ ಮಾಡಲಿ. ಇವೆಲ್ಲಾ ಬರವಣಿಗೆಯೇ. (ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಮಾತ್ರ ಕಣ್ಣಿಟ್ಟಿರಿ, ಕಾಳು ಮೂಗಿಗೆ ಹೋಗೋಕೆ ಒಂದು ನಿಮಿಷ ಸಾಕು.)

ಇನ್ನೊಂದು ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಬರೆಸುವ ಪೈಕಿಯೇ. ಒಬ್ಬ ಹುಡುಗನಿಗೆ ಸ್ಲೇಟಿನ ತುಂಬ ‘ಇ’ ಬರೆಸಿದೆ. ಮುತ್ತಿನ ಹಾಗೆ ಬರೆದ. ಮಾರನೇ ದಿನ ಬೋರ್ಡಿನ ಮೇಲೆ ‘ಇಲಿ’ ಅಂತ ಬರೆದು, ಮೊದಲನೇದು ಯಾವ ಅಕ್ಷರ ಹೇಳಪ್ಪ ಅಂದೆ. ಅವನು ಗಂಭೀರವಾಗಿ ನೋಡಿ ‘ಅದು ನಿನ್ನೇದು ಮಿಸ್’ ಅಂದ. ಕೈಗೆ ಬಂದಿತ್ತು, ಕಿವಿಗೆ ಬಂದೇ ಇರಲಿಲ್ಲ. ಅವನ ಮಟ್ಟಿಗೆ ‘ಇ’ ಅನ್ನೋದು ಒಂದು ಚಿತ್ರ, ನಿನ್ನೆ ಬರೆದ ಚಿತ್ರ. ತಪ್ಪು ನನ್ನದು.

ಅವತ್ತಿನಿಂದ ಕಿವಿಗೇ ಮೊದಲ ಪಾಠ. ಕನ್ನಡದಲ್ಲಿ ಇದು ಸುಲಭ, ನಮ್ಮ ಒಂದೊಂದು ಅಕ್ಷರಕ್ಕೂ ಒಂದೊಂದು ಚಪ್ಪಾಳೆ ಬೀಳುತ್ತೆ. ಗಾ-ಳಿ-ಪ-ಟ, ನಾಲ್ಕು. ಇ-ರು-ವೆ, ಮೂರು. ಮನೆಯವರೆಲ್ಲರ ಹೆಸರಿಗೂ ಚಪ್ಪಾಳೆ ತಟ್ಟಿಸಿ, ಯಾರ ಹೆಸರು ಉದ್ದ ಅಂತ ಜಗಳ ಆಡಲಿ. ಅಂಗಳದಲ್ಲಿ ಕುಂಟೆಬಿಲ್ಲೆ ಬರೆದು, ಒಂದು ಮನೆ ದಾಟಿದರೆ ಒಂದು ಸದ್ದು ಅಂತ ಹೇಳಿಸಿ. ಅಡುಗೆಮನೆಯಲ್ಲಿ ‘ಇ’ ಅಂತ ಶುರುವಾಗೋದು ಏನೇನಿದೆ ಹುಡುಕು ಅನ್ನಿ. ಇಡ್ಲಿ ಸಿಕ್ಕೇ ಸಿಗುತ್ತೆ.

ಆಮೇಲೆ ಅಕ್ಕಿ ತಟ್ಟೆ. ಅಕ್ಷರಾಭ್ಯಾಸದ ದಿನ ಒಂದೇ ಒಂದು ಸಲ ಅಕ್ಕಿಯ ಮೇಲೆ ಬರೆಸಿ, ಮಾರನೇ ದಿನವೇ ಕಾಪಿ ಪುಸ್ತಕ ಕೈಗೆ ಕೊಡ್ತೀವಲ್ಲ, ಅದೇ ತಪ್ಪು. ಹಿಂದೆ ಮಠಗಳಲ್ಲಿ ಮರಳ ಮೇಲೆ ತಿದ್ದಿಸುತ್ತಿದ್ದರು. ತಪ್ಪಾದರೆ ತಟ್ಟೆ ಒಂದು ಸಲ ಅಲ್ಲಾಡಿಸಿದರೆ ಮುಗೀತು, ತಪ್ಪಿನ ಗುರುತೇ ಇರಲ್ಲ. ಕೆಂಪು ಇಂಕೂ ಇಲ್ಲ. ಸ್ಕೂಲಿಗೆ ಹೋಗಿ ಇಷ್ಟನ್ನೇ ಹೇಳಿ: ಎರಡು ಪುಟದ ಬದಲು ಎರಡು ಅಕ್ಷರ, ಅದೂ ಅವಳು ಅಳದೆ ಬರೆಯುವಷ್ಟು.

ಪ್ರಶ್ನೆ: ಮೊಮ್ಮಗ ಸರ್ಕಾರಿ ಶಾಲೆ ಒಂದನೇ ತರಗತಿ. ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಕಲಿಸುತ್ತಿದ್ದಾರೆ. ವರ್ಣಮಾಲೆಯನ್ನೇ ತಲೆಕೆಳಗು ಮಾಡಿದರೆ ಭಾಷೆ ಉಳಿಯುತ್ತದೆಯೇ?
— ನಿವೃತ್ತ ನೌಕರರು, ಮೈಸೂರು

ಉಳಿಯುತ್ತೆ ಸಾರ್, ಗಾಬರಿ ಬೇಡ. ನಿಮ್ಮ ಮೊಮ್ಮಗ ಕಲಿಯುತ್ತಿರೋದು ನಲಿಕಲಿ ಅನ್ನೋ ಪದ್ಧತಿಯಲ್ಲಿ. ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಜಿಲ್ಲೆಯದ್ದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ನಮ್ಮ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳು ಕಾರ್ಡು ಹಿಡಿದು ಕಲಿಯೋದನ್ನು ನೋಡಿ ಬಂದು, ಇಲ್ಲಿಗೆ ಹೊಂದುವ ಹಾಗೆ ತಾವೇ ಕಟ್ಟಿದ್ದು. ಆಮೇಲೆ ರಾಜ್ಯದ ತುಂಬ ಹೋಯಿತು.

ಅ ಆ ಇ ಈ ಅನ್ನೋದು ಅಕ್ಷರಗಳನ್ನು ಜೋಡಿಸಿಡುವ ಕ್ರಮ. ನಿಘಂಟು ನೋಡೋಕೆ ಬೇಕೇ ಬೇಕು. ಆದರೆ ಮಗು ಸ್ವರಗಳನ್ನೆಲ್ಲ ಕಲಿತು ಕೂತರೂ ಅದಕ್ಕೆ ಓದೋಕೆ ಬರೋ ಪದ ಎಷ್ಟು? ‘ಆ’, ‘ಈ’ ಬಿಟ್ಟರೆ ಹೆಚ್ಚೇನಿಲ್ಲ. ನಡುವೆ ‘ಋ’ ಬಂದಾಗಂತೂ ಋಷಿಯನ್ನು ಎಲ್ಲಿಂದ ತರೋದು! ಅದೇ ರ ಗ ಸ ದ ಅ, ಈ ಐದೇ ಐದು ಕಲಿತರೆ ಸರ, ರಸ, ದರ, ಅರಸ, ಅಗಸ, ಗರಗಸ. ಮೊದಲ ತಿಂಗಳಲ್ಲೇ ಮಗು ಓದಿಬಿಡುತ್ತೆ. ‘ದಸರ’ ಕೂಡ ಬಂತು ನೋಡಿ, ಮೈಸೂರಿನ ಮಗುವಿಗೆ ಇನ್ನೇನು ಬೇಕು?

ನೀವು ಮನೆಯಲ್ಲಿ ಅ ಆ ಇ ಈ ಬಾಯಿಪಾಠ ಮಾಡಿಸಿ, ಹಾಡಿನ ಹಾಗೆ. ಎರಡೂ ಜೊತೆಗಿದ್ದರೆ ತೊಂದರೆ ಏನಿಲ್ಲ. ಅದಕ್ಕಿಂತ ಚೆನ್ನಾಗಿರೋ ಒಂದು ಕೆಲಸ ಹೇಳಲಾ? ಚೌಕಾಬಾರ ಬರುತ್ತಲ್ಲ ನಿಮಗೆ. ಐದೈದಲಿ ಇಪ್ಪತ್ತೈದು ಮನೆ ಬರೆದು, ಮನೆಗೊಂದು ಅಕ್ಷರ ಹಾಕಿ. ಕವಡೆ ಬಿಟ್ಟು ಕಾಯಿ ಯಾವ ಮನೆಗೆ ಹೋಯಿತೋ ಆ ಅಕ್ಷರದ ಒಂದು ಪದ ಹೇಳಬೇಕು, ಇಲ್ಲಾಂದ್ರೆ ಕಾಯಿ ವಾಪಸ್. ನಿಮಗೂ ಅದೇ ನಿಯಮ. ನೀವು ಸೋತರೆ ಅವನು ಇನ್ನೂ ಬೇಗ ಕಲಿಯುತ್ತಾನೆ.

ಮತ್ತೆ ಅವಸರ ಮಾಡಬೇಡಿ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೆ ಕಾಗುಣಿತ ಹಾಕಿದರೆ ಅದೊಂದೇ ನಾಲ್ಕುನೂರು ದಾಟುತ್ತೆ, ಒತ್ತಕ್ಷರ ಬೇರೆ. ಇದೆಲ್ಲ ಕೂಡಿಬರೋಕೆ ಮೂರ್ನಾಲ್ಕು ವರ್ಷ ಹಿಡಿಯುತ್ತೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಅರ್ಥ ಮಾಡಿಕೊಂಡು ಓದೋಕೆ ಮೂರನೇ ತರಗತಿ ಕೊನೆವರೆಗೂ ಟೈಮ್ ಕೊಟ್ಟಿದೆ. ಸರ್ಕಾರವೇ ಕಾಯುವಾಗ ತಾತ ಕಾಯಬಾರದಾ?

ಪ್ರಶ್ನೆ: ನಾನು ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಮಕ್ಕಳು ಬರ್ತಾರೆ, ಜೊತೆಗೆ ಮೂರು ನಾಲ್ಕು ವರ್ಷದ ತಮ್ಮ ತಂಗಿಯರನ್ನೂ ಎಳಕೊಂಡು ಬರ್ತಾರೆ. ಗಲಾಟೆ. ಪುಸ್ತಕ ಹರೀತಾರೆ. ಪೇಪರ್ ಓದೋ ಹಿರಿಯರು ಬೈತಾರೆ. ಕಥೆ ಹೇಳಿ ಅಂತ ಮೇಲಿನವರು ಅಂತಾರೆ, ನನಗೆ ಕಥೆ ಹೇಳೋಕೆ ಬರಲ್ಲ.
— ಮದ್ದೂರು ತಾಲ್ಲೂಕು

ನಿಮ್ಮ ಪತ್ರ ಓದಿ ಖುಷಿಯಾಯಿತು. ಗಲಾಟೆ ಇದೆ ಅಂದರೆ ಮಕ್ಕಳು ಬರುತ್ತಿದ್ದಾರೆ ಅಂತ ಅರ್ಥ. ಬೀಗ ಹಾಕಿದ ಬೀರುಗಳ ಗ್ರಂಥಾಲಯ ನಾನು ಎಷ್ಟೋ ನೋಡಿದ್ದೇನೆ, ಅಲ್ಲಿ ಗಲಾಟೆ ಇರೋದಿಲ್ಲ, ಜಿರಳೆ ಇರುತ್ತೆ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂದು ಹಳ್ಳಿ ಮಕ್ಕಳಿಗೆ ಸದಸ್ಯತ್ವ ಫ್ರೀ ಆದ ಮೇಲೆ, ದೊಡ್ಡವರ ಕೈ ಹಿಡಿದು ಚಿಕ್ಕವರೂ ಬಂದೇ ಬರುತ್ತಾರೆ. ವಾಪಸ್ ಕಳಿಸಬೇಡಿ.

ಮಕ್ಕಳಿಗೆ ಒಂದು ಮೂಲೆ, ಒಂದು ಚಾಪೆ, ಗೊತ್ತಾದ ಒಂದು ಹೊತ್ತು. ಹಿರಿಯರ ಪೇಪರು ಬೆಳಿಗ್ಗೆಯೇ ಮುಗಿದಿರುತ್ತೆ, ಸಂಜೆ ನಾಲ್ಕೂವರೆಗೆ ಮಕ್ಕಳದ್ದು ಅಂತ ಬೋರ್ಡ್ ಹಾಕಿಬಿಡಿ. ಗೋಡೆಗೆ ಎರಡು ಸಾಲು ದಾರ ಕಟ್ಟಿ, ಮಗುವಿನ ಎದೆಮಟ್ಟಕ್ಕೆ, ಮುಖಪುಟ ಕಾಣೋ ಹಾಗೆ ತೆಳ್ಳನೆ ಪುಸ್ತಕ ನೇತುಹಾಕಿ. ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಓದು ಬಾರದ ಮಗು ಹೇಗೆ ಆರಿಸುತ್ತೆ ಹೇಳಿ?

ಕಥೆ ಹೇಳೋಕೆ ಬರಬೇಕಾಗಿಲ್ಲ. ಓದಿ, ಸಾಕು. ಒಂದೇ ಪುಸ್ತಕ, ಹದಿನೈದು ಇಪ್ಪತ್ತು ನಿಮಿಷ. ಹಿಂದಿನ ರಾತ್ರಿ ಒಂದು ಸಲ ಜೋರಾಗಿ ಓದಿಕೊಂಡಿರಿ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡೀಬೇಡಿ, ಪಕ್ಕಕ್ಕೆ ಹಿಡಿದು ಚಿತ್ರ ಅವರ ಕಡೆ ತಿರುಗಿಸಿ. ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಹೋಗಿ. ಓದು ಎಡದಿಂದ ಬಲಕ್ಕೆ ಹೋಗುತ್ತೆ, ಈ ಕರೀ ಗುರುತುಗಳೇ ಮಾತಾಡ್ತಿರೋದು ಅನ್ನೋದು ಮಗುವಿಗೆ ಯಾರೂ ಹೇಳದೆ ಗೊತ್ತಾಗೋದು ಹಾಗೇ. ಒಳ್ಳೇ ಜಾಗದಲ್ಲಿ ನಿಲ್ಲಿಸಿ ‘ಈಗೇನಾಗುತ್ತೆ?’ ಅನ್ನಿ. ನಮ್ಮ ಶನಿವಾರದ ಗುಂಪಿನಲ್ಲಿ ಒಂದು ಸಲ ಹೀಗೆ ಕೇಳಿದ್ದಕ್ಕೆ, ಮೂಲೆಯಲ್ಲಿ ಯಾವತ್ತೂ ಬಾಯಿ ಬಿಡದೆ ಕೂರೋ ಒಂದು ಪುಟ್ಟಿ, ‘ಕರಡಿ ಅಮ್ಮಂಗೆ ಫೋನ್ ಮಾಡ್ತದೆ’ ಅಂದಳು. ಪುಸ್ತಕದಲ್ಲಿ ಹಾಗಿರಲಿಲ್ಲ. ನಾವು ಅವಳ ಕಥೆಯನ್ನೇ ಮುಂದುವರಿಸಿದೆವು. ಮುಂದಿನ ವಾರ ‘ಅದೇ ಓದಿ’ ಅಂದರೆ ಅದನ್ನೇ ಓದಿ. ನಮಗೆ ಬೇಜಾರಾಗುತ್ತೆ, ಅವರಿಗಲ್ಲ. ಹತ್ತನೇ ಸಲಕ್ಕೆ ಅವರೇ ಪುಟ ತಿರುಗಿಸಿ ಓದೋ ಹಾಗೆ ನಟಿಸುತ್ತಾರೆ, ನಗಬೇಡಿ, ಓದು ಶುರುವಾಗೋದು ಅಲ್ಲಿಂದಲೇ.

ಹರಿಯೋದಾ? ಹರೀತಾರೆ. ಒಂದು ರಟ್ಟಿನ ಡಬ್ಬಕ್ಕೆ ‘ಪುಸ್ತಕದ ಆಸ್ಪತ್ರೆ’ ಅಂತ ಬರೆದು, ಒಂದು ಸೆಲೊಟೇಪ್ ಇಡಿ. ಹರಿದವರೇ ಪಟ್ಟಿ ಹಾಕಬೇಕು. ನಮ್ಮಲ್ಲಿ ಇದು ಶುರುವಾದ ಮೇಲೆ ಪಟ್ಟಿ ಹಾಕೋ ಆಸೆಗೇ ಒಬ್ಬ ಬೇಕೂಂತ ಹರಿದ, ಅದೊಂದು ಎಚ್ಚರಿಕೆ ಹೇಳಿಬಿಡ್ತೀನಿ! ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು. ಅದರಲ್ಲಿ ಮೊದಲನೆಯದೇ ಪುಸ್ತಕ ಇರೋದು ಬಳಸೋಕೆ ಅಂತ. ಮೇಲಿನವರು ಹರಿದ ಪುಸ್ತಕದ ಲೆಕ್ಕ ಕೇಳಿದರೆ ಇದನ್ನು ಹೇಳಿ.

ಪ್ರಶ್ನೆ: ಮಕ್ಕಳ ಪುಸ್ತಕ ದುಬಾರಿ. ಮೊಬೈಲಿನಲ್ಲಿ ಅಕ್ಷರದ ಆಟ ಹಾಕಿಕೊಟ್ಟರೆ ಆಗಲ್ವಾ?
— ಕುವೆಂಪುನಗರ, ಮೈಸೂರು

ನೀವು ಕಟ್ಟೋ ಮನೆ ಕಂದಾಯದಲ್ಲಿ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಸೇರಿರುತ್ತೆ. ರಸೀದಿ ತೆಗೆದು ನೋಡಿ. ದುಡ್ಡು ಕೊಟ್ಟಾಗಿದೆ, ಹೋಗಿ ಪುಸ್ತಕ ತನ್ನಿ. ಮೊಬೈಲೇ ಬೇಕು ಅಂದರೆ ಪ್ರಥಮ್ ಬುಕ್ಸ್‌ ಪ್ರಕಾಶನದವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿ ಸಿಗುತ್ತವೆ, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ನೀವು ಓದಿ. ಮೊಬೈಲ್ ಕೊಟ್ಟು ನೀವು ಅಡುಗೆಮನೆಗೆ ಹೋದರೆ ಮಾತ್ರ ಅದು ಓದಲ್ಲ. ಎರಡರಿಂದ ನಾಲ್ಕು ವರ್ಷದವರು ಮೊಬೈಲ್, ಟಿವಿ ಮುಂದೆ ಕೂರೋದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ರಜೆ ಸಿಕ್ಕರೆ ಪಾಂಡವಪುರದ ಹತ್ತಿರ ಹರಳಹಳ್ಳಿಗೆ ಕರೆದುಕೊಂಡು ಹೋಗಿ. ಅಂಕೇಗೌಡರು ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಆ ದುಡ್ಡಿನಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟ ಜಾಗ. ಮಗು ಓದದಿದ್ದರೂ ಪರವಾಗಿಲ್ಲ, ಸುಮ್ನೆ ನೋಡಲಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ಗೆ ಹೋಗ್ತೀನಿ. ನನಗೆ ಓದು ಬರಲ್ಲ. ಈ ಕಾಗದ ಪಕ್ಕದ ಮನೆ ಆರನೇ ಕ್ಲಾಸ್ ಹುಡುಗಿ ಕೈಲಿ ಬರೆಸಿದ್ದೀನಿ. ಮಗನಿಗೆ ಐದು ವರ್ಷ. ನಾನೇನು ಕಲಿಸೋಕಾಗುತ್ತೆ?
— ಮಂಡ್ಯ ತಾಲ್ಲೂಕು

ಅಕ್ಕ, ನೀವು ಕಲಿಸೋಕೆ ಆಗಲೇ ಶುರು ಮಾಡಿದ್ದೀರಿ. ಐದು ವರ್ಷದ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾಗೋದು ಮಾತು. ಒಗಟು ಬರುತ್ತಲ್ಲ ನಿಮಗೆ? ನಿಮ್ಮ ಅಜ್ಜಿ ಹೇಳಿದ ಕಥೆ? ರಾತ್ರಿ ಮುದ್ದೆ ತಿನ್ನಿಸುವಾಗ ಅದನ್ನೇ ಹೇಳಿ. ಅಂಗನವಾಡಿಯಿಂದಲೋ ಗ್ರಂಥಾಲಯದಿಂದಲೋ ಬರೀ ಚಿತ್ರವಿರೋ ಪುಸ್ತಕ ತರಿಸಿಕೊಳ್ಳಿ, ಚಿತ್ರ ನೋಡಿ ಕಥೆ ಕಟ್ಟೋಕೆ ಓದು ಬರಬೇಕಾಗಿಲ್ಲ. ಅವನೂ ಕಟ್ಟಲಿ. ಅಕ್ಷರ ತಪ್ಪಾಯಿತೇನೋ ಅನ್ನೋ ಭಯ ಇಬ್ಬರಿಗೂ ಇರಲ್ಲ.

ಇನ್ನೊಂದು. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಬಸ್ ಕಾಯುವಾಗ ಬೋರ್ಡ್ ನೋಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಮೈಸೂರು. ಎಲ್ಲಾ ಮಕಾರದ ಮನೆತನವೇ! ನಿಮಗೆ ಬಸ್ ಯಾವುದು ಅಂತ ಬಣ್ಣ, ಜಾಗ ನೋಡಿ ಗೊತ್ತಿರುತ್ತೆ, ಮೊದಲನೇ ಅಕ್ಷರ ಯಾವುದು ಅಂತ ಕಂಡಕ್ಟರನ್ನು ಕೇಳಿ, ಮಗನಿಗೆ ತೋರಿಸಿ. ತಿಂಗಳೊಳಗೆ ಅದು ನಿಮ್ಮಿಬ್ಬರಿಗೂ ಬರುತ್ತೆ.

ಈ ಉತ್ತರ ಓದಿ ಹೇಳುತ್ತಿರೋ ಆರನೇ ಕ್ಲಾಸಿನ ಪುಟ್ಟಿ, ಕಾಗದ ಚೆನ್ನಾಗಿ ಬರೆದಿದ್ದೀಯ. ಆ ಹುಡುಗನನ್ನೂ ಅವರ ಅಮ್ಮನನ್ನೂ ಅಕ್ಕಪಕ್ಕ ಕೂರಿಸಿಕೊ. ಈ ಪುಟದಲ್ಲಿ ‘ಮ’ ಎಲ್ಲೆಲ್ಲಿದೆ, ಯಾರು ಜಾಸ್ತಿ ಹುಡುಕ್ತಾರೆ ನೋಡೋಣ ಅನ್ನು. ಎಷ್ಟು ಸಿಕ್ಕಿತು ಅಂತ ಮುಂದಿನ ಕಾಗದದಲ್ಲಿ ಬರಿ.