‘ಅನ್‌ಲೆಸ್ ಯು ಡೋಂಟ್’ ಅಂತ ಬರೀಬಹುದಾ?

ಪ್ರಶ್ನೆ: ಸರ್, ನಾನು ಲೋನ್ ಕೊಡೋ ಕಂಪ್ನಿ ಒಂದ್ರಲ್ಲಿ ಕೆಲ್ಸ ಮಾಡ್ತೀನಿ. ಕಸ್ಟಮರ್‌ಗೆ ಕಳಿಸೋ ಮೇಲ್‌ನಲ್ಲಿ ‘ವಿ ವಿಲ್ ನಾಟ್ ಪ್ರೊಸೆಸ್ ದ ಲೋನ್ ಅನ್‌ಲೆಸ್ ಯು ಡೋಂಟ್ ಸೆಂಡ್ ದ ಡಾಕ್ಯುಮೆಂಟ್ಸ್’ ಅಂತ ಬರ್ದಿದ್ದೆ. ಮ್ಯಾನೇಜರ್ ‘ಡೋಂಟ್’ ಹೊಡೆದು ಹಾಕಿದ್ರು, ಯಾಕೆ ಅಂತ ಹೇಳ್ಲಿಲ್ಲ. ‘ಇಫ್ ನಾಟ್’ ಬರೋ ಕಡೆಯೆಲ್ಲಾ ‘ಅನ್‌ಲೆಸ್’ ಹಾಕಬಹುದಾ?

ಉತ್ತರ: ಮ್ಯಾನೇಜರ್ ಮಾಡಿದ್ದು ಸರಿ. ‘ಅನ್‌ಲೆಸ್’ ಒಳಗೇ ‘ನಾಟ್’ ಇದೆ, ಅದ್ರ ಮೇಲೆ ನೀವು ಇನ್ನೊಂದು ‘ಡೋಂಟ್’ ಹಾಕಿದ್ರಿ, ಈಗ ನಿಮ್ ವಾಕ್ಯನ ನೇರವಾಗಿ ಓದಿದ್ರೆ ಡಾಕ್ಯುಮೆಂಟ್ ಕಳಿಸಿದವ್ರಿಗೆ ಲೋನ್ ಇಲ್ಲ, ಕಳಿಸದೇ ಇದ್ದವ್ರಿಗೆ ಮಾತ್ರ ಉಂಟು ಅಂತ ಆಗತ್ತೆ! ಕಸ್ಟಮರ್ ಖುಷಿಯಾಗಿರ್ತಾರೆ ಬಿಡಿ. ಈ ತಪ್ಪು ಬರೋದು ನಮ್ ಭಾಷೆಯಿಂದ್ಲೇ, ‘ಕಳಿಸದ ಹೊರತು’ ಅಂತೀವಲ್ಲ, ಅಲ್ಲಿ ‘ಕಳಿಸದ’ ಅನ್ನೋದ್ರಲ್ಲೂ ಇಲ್ಲ ಅನ್ನೋ ಅರ್ಥ ಇದೆ, ಅದನ್ನ ಹಾಗೇ ಇಂಗ್ಲಿಷಿಗೆ ಎತ್ಕೊಂಡು ಹೋಗ್ತೀವಿ. ‘ಅನ್‌ಲೆಸ್ ಯು ವಿಲ್ ಸೆಂಡ್’ ಅಂತಾನೂ ಬೇಡ. ಮುಂದೆ ಆಗೋ ವಿಷ್ಯನೇ ಆದ್ರೂ ‘ಅನ್‌ಲೆಸ್ ಯು ಸೆಂಡ್’ ಸಾಕು.

ಎರಡನೇ ಪ್ರಶ್ನೆ ಚೆನ್ನಾಗಿದೆ, ಸ್ಕೂಲಲ್ಲಿ ‘ಅನ್‌ಲೆಸ್ ಅಂದ್ರೆ ಇಫ್ ನಾಟ್’ ಅಂತ ಬಾಯಿಪಾಠ ಮಾಡಿಸಿ ಬಿಟ್ಬಿಡ್ತಾರೆ, ಆದ್ರೆ ಎಲ್ಲಾ ಕಡೆ ಅದು ನಡಿಯಲ್ಲ. ‘ಅನ್‌ಲೆಸ್’ ಕೆಲಸ ಏನಂದ್ರೆ ಒಂದು ಮಾತು ಹೇಳಿ, ಇದೊಂದು ಆದ್ರೆ ಮಾತ್ರ ಅದು ಬದಲಾಗತ್ತೆ ಅಂತ ವಿನಾಯ್ತಿ ಕೊಡೋದು. ‘ಐ ವಿಲ್ ಬಿ ಸರ್‌ಪ್ರೈಸ್ಡ್ ಇಫ್ ಹಿ ಡಸಂಟ್ ಕಮ್’ ಇದನ್ನ ತಗೊಳ್ಳಿ. ಅವ್ನು ಬರ್ದೇ ಇರೋದೇ ಆಶ್ಚರ್ಯಕ್ಕೆ ಕಾರಣ, ಇಲ್ಲಿ ‘ಅನ್‌ಲೆಸ್ ಹಿ ಕಮ್ಸ್’ ಅಂದ್ರೆ ನಾನು ಹೇಗಿದ್ರೂ ಆಶ್ಚರ್ಯಪಡ್ತಾ ಕೂತಿರ್ತೀನಿ, ಅವ್ನು ಬಂದ್ರೆ ನಿಲ್ಲಿಸ್ತೀನಿ ಅಂದಂಗಾಗತ್ತೆ. ಅಂದ್ರೆ ಆಗದೇ ಇರೋದೇ ಕಾರಣ ಆಗಿದ್ರೆ ‘ಇಫ್ ನಾಟ್’ ಇರ್ಲಿ. ನಡೆದೇ ಇಲ್ಲದ್ದನ್ನ ಊಹೆ ಮಾಡಿ ಹೇಳೋವಾಗ್ಲೂ ಅಷ್ಟೇ, ‘ಇಫ್ ಇಟ್ ಹ್ಯಾಡಂಟ್ ರೇನ್ಡ್, ವಿ ವುಡ್ ಹ್ಯಾವ್ ಫಿನಿಶ್ಡ್’ ಅನ್ನೋ ಕಡೆ ‘ಅನ್‌ಲೆಸ್’ ತೂರಿಸ್ಬೇಡಿ.

‘ಅನ್‌ಲೆಸ್’ ಭಾಗ ವಾಕ್ಯದ ಮೊದಲಿಗೆ ಬಂದ್ರೆ ಅದು ಮುಗಿಯೋ ಕಡೆ ಕಾಮಾ ಹಾಕಿ, ಕೊನೇಲಿ ಬಂದ್ರೆ ಸಾಮಾನ್ಯವಾಗಿ ಬೇಡ. ‘ಅನ್‌ಲೆಸ್ ಅಂಡ್ ಅನ್‌ಟಿಲ್’ ಅಂತ ಜೋಡಿ ಹಾಕೋದು ಲಾಯರ್ ನೋಟಿಸ್ ಚಾಳಿ, ಮೇಲ್‌ಗೆ ಎರಡ್ರಲ್ಲಿ ಒಂದು ಸಾಕು.

ಇನ್ನೊಂದ್ ಮಾತು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಕಸ್ಟಮರ್‌ಗೆ ಬರೆಯೋವಾಗ ‘ವಿ ವಿಲ್ ನಾಟ್, ಅನ್‌ಲೆಸ್ ಯು’ ಅನ್ನೋದು ಗ್ರಾಮರ್ ಸರಿ ಇದ್ರೂ ಗದರಿಸಿದ ಹಾಗೆ ಕೇಳ್ಸತ್ತೆ. ‘ವಿ ಕ್ಯಾನ್ ಪ್ರೊಸೆಸ್ ಯುವರ್ ಅಪ್ಲಿಕೇಶನ್ ಒನ್ಸ್ ವಿ ರಿಸೀವ್ ದ ಡಾಕ್ಯುಮೆಂಟ್ಸ್’ ಅಂತ ಬರೀರಿ. ಇದ್ರಲ್ಲೂ ‘ವಿಲ್ ಅಪ್ರೂವ್’ ಅಂತ ಮಾತ್ರ ಹಾಕ್ಬೇಡಿ, ಆಮೇಲೆ ಪೇಪರ್ ಎಲ್ಲಾ ಕೊಟ್ಟಾಯ್ತಲ್ಲ, ಲೋನ್ ಎಲ್ಲಿ ಅಂತ ಅದೇ ಮೇಲ್ ತೋರಿಸಿ ಕೇಳ್ತಾರೆ.