ಬಿಗ್ ಬರ್ಡ್ ಮಿಸ್ಟರ್ ರೋಜರ್ಸ್ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದು ನಿಜವಾ?

ನಿಜ, 1981ರಲ್ಲಿ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನ ಆ ದೊಡ್ಡ ಹಳದಿ ಹಕ್ಕಿ, ಫ್ರೆಡ್ ರೋಜರ್ಸ್ ನಡೆಸಿಕೊಡುತ್ತಿದ್ದ ಇನ್ನೊಂದು ಮಕ್ಕಳ ಕಾರ್ಯಕ್ರಮ 'ಮಿಸ್ಟರ್ ರೋಜರ್ಸ್ ನೇಬರ್‌ಹುಡ್'ಗೆ ಬಂತು. ಅದೇ ವರ್ಷ ಫ್ರೆಡ್ ರೋಜರ್ಸ್ ಕೂಡ ಸೆಸಮಿ ಸ್ಟ್ರೀಟ್‌ಗೆ ಹೋಗಿದ್ದರು.

ಆದರೆ ತೆರೆಯ ಹಿಂದೆ ನಡೆದದ್ದೇ ಜಾಸ್ತಿ ಸ್ವಾರಸ್ಯ. ಹಕ್ಕಿಯ ವೇಷದ ಒಳಗಿದ್ದವರು ಕ್ಯಾರಲ್ ಸ್ಪಿನ್ನಿ, ಒಂದು ಕೈಯನ್ನು ತಲೆ ಮೇಲೆತ್ತಿ ಕೊಕ್ಕು ಆಡಿಸುತ್ತಾ, ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿ ನೋಡಿಕೊಂಡು ನಡೆಯುತ್ತಿದ್ದರು. ಕಲ್ಪನೆ ಯಾವುದು, ನಿಜ ಯಾವುದು ಅಂತ ಮಕ್ಕಳಿಗೆ ಗೊತ್ತಾಗಬೇಕು ಅನ್ನೋದು ರೋಜರ್ಸ್ ನಿಲುವು. ಹಾಗಾಗಿ ವೇಷ ತೆಗೆದು ತೋರಿಸಿ ಅಂದರು. ಸ್ಪಿನ್ನಿ ಒಪ್ಪಲಿಲ್ಲ. ಮಕ್ಕಳ ಪಾಲಿಗೆ ಬಿಗ್ ಬರ್ಡ್ ನಿಜವಾದ ಗೆಳೆಯ ಅಲ್ವಾ? ನನಗಂತೂ ಇಬ್ಬರ ಮಾತೂ ಸರಿ ಅನಿಸುತ್ತೆ. ಕೊನೆಗೆ ಹಕ್ಕಿ ರೋಜರ್ಸ್ ಮನೆಯ ದೃಶ್ಯಕ್ಕೆ ಬರದೆ, ಅದೇ ಕಾರ್ಯಕ್ರಮದ ಗೊಂಬೆಗಳ ಕಲ್ಪನೆಯ ಊರಿನಲ್ಲಿ ಮಾತ್ರ ಕಾಣಿಸಿಕೊಂಡಿತು.